ಒಂದ ಸಲ ಬರುವ ಮಾತು

"ಅಖವಾ" ಅಂದರು ಸತ್ಯಮಿತ್ರ ಉಪದೇಶಿಯವರು,
ಚಹಾ ಬಸಿಗೆ ಹೊಯ್ದುಕೊಳ್ಳುತ್ತ,
ಹಲ್ಲಿಲ್ಲದ ಬಾಯಿಂದ ಖಕಾರ ಗಂಟಲಿಗಿಳಿದು ಬಂತು.
"ಅಣ್ಣತಮ್ಮತನ ಅಂತ ಇಟ್ಕೊ, ಶುಭವ್ವಾ.
ಇಡೀ ಹಳೇ ಒಡಂಬಡಿಕ್ಯಾಗ ಒಂದ ಸಲ ಬರ್ತದ."

ಎಲ್ಲಿ, ಅಂದೆ.

"ಕುರಿ ಕಾಯೋ ಪ್ರವಾದಿ. ಕೈಯಾಗ ಎರಡು ಕೋಲು.
ಎರಡನೇದು ಮುರೀತಾನ.
ಮೊಣಕಾಲಿಗೆ ಹಚ್ಚಿ ಅಂತ ಬರದಿಲ್ಲ, ನಾ ಹೇಳ್ತೀನಿ.
ಅಲ್ಲಿ ಬರ್ತದ ಆ ಮಾತು. ಮುರಿಯೋ ವಾಕ್ಯದಾಗ.
ಇದ್ದಷ್ಟು ದಿನ ಯಾರೂ ಅದರ ಹೆಸರ ಎತ್ತಿಲ್ಲ ನೋಡು."

ಬಸಿ ಬರಿದಾಯಿತು. ನಾನು ಎದ್ದು ಬಂದೆ.

ನಮ್ಮಲ್ಲಿ ಮುರಿದದ್ದು ಕೋಲಲ್ಲ.
ಗುಳೇದಗುಡ್ಡದ ಮಿಶನ್ ಓಣಿ,
ಅಪ್ಪನನ್ನು ಮಣ್ಣಿಗಿಟ್ಟ ಮೂರನೇ ವಾರ,
ಕುಣಿಮಗ್ಗದ ಮೇಲೆ ಅರ್ಧ ನೇಯ್ದ ಖಣ:
ಹಸಿರು ಮೈ, ಕೆಂಪು ದಡಿ, ತೇರಿನ ಗಾಲಿಯಂಥ ಸಣ್ಣ ಬುಟ್ಟಾ.
ದೇವದಾನಣ್ಣ ಕತ್ತರಿ ತಂದ.
"ಹರಿ" ಅಂದ ಫಿಲೆಮೋನಣ್ಣ.
ನಾನು ರಾಟಿಯ ಮುಂದೆ ಕಂಡಿಕೆ ಸುತ್ತುತ್ತಿದ್ದೆ,
ಸುತ್ತುತ್ತಲೇ ಇದ್ದೆ.
ಹಾಸು ಹರಿಯುವಾಗ ಸಪ್ಪಳ ಆಗುವುದಿಲ್ಲ.
ಬಿಗಿ ಬಿಟ್ಟ ಹಣಿಗೆ ಒಮ್ಮೆ ಜೋತು ಬೀಳುತ್ತದೆ,
ಅಷ್ಟೆ.
ಮರುದಿನ ಗೋಡೆಗೆ ಕಲ್ಲು ಬಂದವು.

ನಮ್ಮ ಮಾತಿನಲ್ಲಿ ಸುಮ್ಮನೆ ನಿಲ್ಲಲು ಜಾಗವಿಲ್ಲ;
ಅಣ್ಣನಾಗಬೇಕು, ಇಲ್ಲ ತಮ್ಮ,
ಒಬ್ಬನ ತಲೆ ಮೇಲೆ, ಒಬ್ಬನದು ಕೆಳಗೆ.
ಸಮಕ್ಕೆ ಒಂದೇ ಮಾತು: ಒಡಹುಟ್ಟಿದವರು.
ಆ ಒಡದ ಡಕ್ಕೆ ಒಂದು ಎತ್ವ ತಗುಲಿದರೆ
ಒಡೆ.

ಬಣ್ಣದ ಹಂಡೆ ಕದಡುತ್ತಿದ್ದ ದಾವಲಸಾಬನಿಗೆ ಹೇಳಿದೆ.
"ಉಖುವ್ವತ್" ಅಂದ, "ನಮ್ಮಲ್ಲೂ ಅದ ಅದು.
ಆ ಖ ಮಾತ್ರ ಗಂಟಲಾಗ ಮೂರು ನೀರು ತೊಳೀಬೇಕು."
ನೀಲಿ ಕೈ ಎತ್ತಿ ನಕ್ಕ.

ಮುಂದಿನ ಭಾನುವಾರ ಉಪದೇಶಿಯವರ ಕೈಯಲ್ಲಿ ಹಳೆಯ ನಿಘಂಟು,
ಗೆದ್ದಲು ತಿಂದ ಅಂಚು.
"ಆಖ್ ಅಂದರ ಒಡಹುಟ್ಟಿದವ.
ಅದ ಅಕ್ಷರ, ಆಖ್ ಅಂದರ ಅಯ್ಯೋ.
ಅದ ಅಕ್ಷರ, ಆಖ್ ಅಂದರ ಅಗ್ಗಿಷ್ಟಿಕಿ,
ಚಳಿಗಾಲದಾಗ ಅರಸನೊಬ್ಬ
ಪ್ರವಾದಿಯ ಸುರುಳಿ ಕೊಯ್ದು ಕೊಯ್ದು ಅದಕ್ಕ ಹಾಕ್ತಾನ.
ಮೂರೂ ಬ್ಯಾರೆ ಬ್ಯಾರೆ ಬೇರು. ಕೂಡಿಸಬ್ಯಾಡ."

ನಾನು ಕೂಡಿಸಿದೆ.
ಇಪ್ಪತ್ತಾರು ವರ್ಷ ಎರಡು ಮನೆಯ ಒಲೆ ಬಳಿದವಳು,
ಬೂದಿಗೆ ಯಾವ ಕಡೆಯದೆಂಬ ಗುರುತಿಲ್ಲದ್ದು ಗೊತ್ತು.

ಈ ಚಳಿಗೆ ದೇವದಾನಣ್ಣನ ಕಣ್ಣಿಗೆ ಪೊರೆ ಬಲಿತಿದೆ.
ಹೊಸ ಹಾಸು ಬಂದು ಕೂತಿದೆ,
ಹಳೆಯ ಎಳೆಯ ತುದಿಗೆ ಹೊಸ ಎಳೆ ಕೆಚ್ಚಬೇಕು,
ಒಂದೊಂದಾಗಿ, ಸಾವಿರ ದಾಟಿ.
ಬೆರಳು ಹುಡುಕುತ್ತವೆ, ತುದಿ ಸಿಗುವುದಿಲ್ಲ.
ಗೋಡೆಯತ್ತ ಮುಖ ಮಾಡಿದ:
"ಆ ಕಡಿಯವಗ ಕೇಳು."

ಓಣಿ ಸುತ್ತಿ ಬಂದ ಫಿಲೆಮೋನಣ್ಣ.
ಗೋಡೆಯಲ್ಲಿ ಬಾಗಿಲಿಲ್ಲ.
ಕಾಲು ತೊಳೆದ, ಕುಣಿಯ ದಂಡೆಗೆ ಕೂತ,
ಚಿಟಿಕೆ ಬೂದಿ ಹಿಡಿದ.
ಎರಡು ತುದಿ, ಹೆಬ್ಬೆರಳು, ಒಂದು ಹೊರಳು.
ಮತ್ತೆ ಎರಡು ತುದಿ.
ಯಾರೂ ಮಾತಾಡಲಿಲ್ಲ.
ನಾನು ತಾಟಿಗೆ ಬೂದಿ ತುಂಬಿದೆ,
ಈ ಒಲೆಯದು ತೀರಿದಾಗ ಆ ಒಲೆಯದು.
ಉಪದೇಶಿಯವರ ಮಾತು ಒಮ್ಮೆ ನಾಲಿಗೆಗೆ ಬಂತು,
ನುಂಗಿದೆ. ಹೆಸರು ಹೇಳಿದರೆ ಏನಾದೀತೋ.

ಮೂರನೇ ಸಂಜೆ, ದೀಪ ಹಚ್ಚುವ ಮುಂಚೆ:
"ಒಂದೆಳಿ ಹೆಚ್ಚಾತು" ಅಂದ ಫಿಲೆಮೋನಣ್ಣ.
ಇಪ್ಪತ್ತಾರು ವರ್ಷಕ್ಕೆ ಮೊದಲ ಮಾತು ಅದು,
ಲೆಕ್ಕದ್ದು.

ದೇವದಾನಣ್ಣ ಹಾಸಿನ ಮೇಲೆ ಅಂಗೈ ಎಳೆದ,
ನಿಧಾನ, ಈ ದಡಿಯಿಂದ ಆ ದಡಿಗೆ.
ಜೋತುಬಿದ್ದ ಒಂಟಿ ಎಳೆ ಬೆರಳಿಗೆ ಸಿಕ್ಕಿತು.
"ಇರ್ಲಿ ಬಿಡು" ಅಂದ.
"ಹರೀಬ್ಯಾಡ."